ಮಾತಾಡುವ ಗಡಿಯಾರವೂ ನಮ್ಮ ಒಂದೂವರೆ ಗಂಟೆಯೂ

ಗ್ಯಾನೆಟ್ ಕೋವ್ ಹಿರಿಯರ ನಿವಾಸ, ನ್ಯೂಫೌಂಡ್‌ಲ್ಯಾಂಡ್
ಸಮಯಪಾಲನೆ, ಊಟೋಪಚಾರ ಮತ್ತು ಇತರೆ ವಿಭಾಗ

ಸಂಖ್ಯೆ: ಗ್ಯಾಕೋ/ಸಮಯ/ಮಾತು/27½
ದಿನಾಂಕ: ಮೀನಿಗೆ ಹೋಗುವ ಶನಿವಾರದ ಹಿಂದಿನ ಗುರುವಾರ

ಸುತ್ತೋಲೆ

ವಿಷಯ: ರೇಡಿಯೋ ಸಂಕೇತದಿಂದ ನಡೆಯುವ ಮಾತಾಡುವ ಅಲಾರಂ ಗಡಿಯಾರಗಳನ್ನು ಸಿದ್ಧಪಡಿಸುವ, ಬಳಸುವ ಹಾಗೂ ಅವುಗಳೊಡನೆ ಜಗಳವಾಡದಿರುವ ಬಗ್ಗೆ.

ಉಲ್ಲೇಖ: (ಅ) ಈ ಕಚೇರಿಯ ಸುತ್ತೋಲೆ ಸಂಖ್ಯೆ 26 (ಟೀ ಪಾತ್ರೆಯ ಉಣ್ಣೆ ಟೊಪ್ಪಿಯನ್ನು ತಲೆಗೆ ಹಾಕಿಕೊಳ್ಳುವುದನ್ನು ನಿಷೇಧಿಸಿದ್ದು).
(ಆ) ಕೊಠಡಿ 6ರ ನಿವಾಸಿ ಶ್ರೀ ಆಂಬ್ರೋಸ್ ಟಿಜರ್ಡ್ ಅವರ ಮೌಖಿಕ ದೂರುಗಳು (ಎಣಿಸಿಲ್ಲ).
(ಇ) ಕೊಠಡಿ 4ರ ನಿವಾಸಿ ಶ್ರೀಮತಿ ಡ್ರುಸಿಲ್ಲಾ ಹೈನ್ಸ್ ಅವರು ಕಳೆದ ಬೇಸಿಗೆಯಲ್ಲಿ ದಕ್ಕೆಯ ಮೇಲೆ ಕೂತಿದ್ದ ಪ್ರಕರಣ.

ಪ್ರಸ್ತಾವನೆ:

ಕಣ್ಣು ಮಂಜಾಗಿರುವ ನಾಲ್ವರು ನಿವಾಸಿಗಳ ಉಪಯೋಗಕ್ಕೆಂದು ಒಳನಾಡಿನ ದಾನಿಗಳು ನಾಲ್ಕು ಮಾತಾಡುವ ಗಡಿಯಾರಗಳನ್ನು ಕಳುಹಿಸಿಕೊಟ್ಟಿರುವುದು ಸರಿಯಷ್ಟೆ. ಸದರಿ ಗಡಿಯಾರದ ನೆತ್ತಿಯ ಮೇಲಿನ ದಪ್ಪ ಗುಂಡಿಯನ್ನು ಒತ್ತಿದರೆ ಅದು ಹೆಣ್ಣುದನಿಯಲ್ಲಿ ಹೊತ್ತು ಹೇಳುತ್ತದೆ; ಒತ್ತದಿದ್ದರೂ ಗಂಟೆಗೊಮ್ಮೆ ತಾನಾಗಿ ಹೇಳುತ್ತದೆ. ಆದರೆ ಹೊತ್ತು ಅದಕ್ಕೆ ಸ್ವಂತವಾಗಿ ತಿಳಿದಿರುವುದಿಲ್ಲ. ಸಾವಿರಾರು ಮೈಲಿ ಪಶ್ಚಿಮಕ್ಕೆ, ಯಾವುದೋ ಬೆಟ್ಟದ ತಪ್ಪಲಿನಲ್ಲಿರುವ ಗೋಪುರವೊಂದು ರಾತ್ರಿ ರೇಡಿಯೋ ಮೂಲಕ ಹೇಳಿಕೊಟ್ಟದ್ದನ್ನು ಬೆಳಿಗ್ಗೆ ಗಿಳಿಪಾಠ ಒಪ್ಪಿಸುತ್ತದೆ. ಆ ಗೋಪುರದವರು ಕಣ್ಣು ಮಿಟುಕಿಸುವಷ್ಟು ಹೊತ್ತೂ ತಪ್ಪುವುದಿಲ್ಲವಂತೆ. ನಮ್ಮ ವಿಷಯದಲ್ಲಿ ಮಾತ್ರ ಒಂದೂವರೆ ಗಂಟೆ ತಪ್ಪುತ್ತಾರೆ.

ಇದರಿಂದ ಊಟ, ಟೀ, ಪ್ರಾರ್ಥನೆ ಹಾಗೂ ಇಸ್ಪೀಟು ಅಸ್ತವ್ಯಸ್ತಗೊಂಡಿರುವುದೂ, ಒಬ್ಬ ನಿವಾಸಿಯ ಮನಸ್ಸಿಗೆ ತೀವ್ರ ನೋವಾಗಿರುವುದೂ ಈ ಕಚೇರಿಯ ಗಮನಕ್ಕೆ ಬಂದಿದೆ. ಆದ್ದರಿಂದ ಕೆಳಕಂಡಂತೆ ಸೂಚಿಸಲಾಗಿದೆ.

1. ಬ್ಯಾಟರಿ ಹಾಕುವಾಗ ಗಡಿಯಾರದ ಹೊಟ್ಟೆಯಡಿ ಇರುವ ಸಣ್ಣ ಗುಂಡಿಯನ್ನು ಮುಟ್ಟತಕ್ಕದ್ದಲ್ಲ. ಮುಟ್ಟಿದರೆ ಗಡಿಯಾರ ಸ್ಪ್ಯಾನಿಷ್ ಮಾತಾಡುತ್ತದೆ. ಶ್ರೀ ಟಿಜರ್ಡ್ ಅವರ ಗಡಿಯಾರ ಒಂದು ವಾರ ಹೀಗೆ ನಡೆದುಕೊಂಡಿದ್ದು, ವಿಚಾರಿಸಲಾಗಿ ಅವರು ನೀಡಿದ ಹೇಳಿಕೆಯನ್ನು ಅವರದೇ ಮಾತಿನಲ್ಲಿ ದಾಖಲಿಸಲಾಗಿದೆ: “ಹಳೇ ಕಾಲದ ಪೋರ್ಚುಗೀಸ್ ಹಡಗಿನೋರು ಮತ್ತೆ ಬಂದು ಉಪ್ಪುಮೀನು ಕೇಳ್ತಿದಾರೆ ಅಂದ್ಕೊಂಡೆ ಕಣಯ್ಯಾ. ಇಲ್ಲಮ್ಮಾ, ಮುಗಿದೋಯ್ತು ಅಂದೆ. ಗಂಟೆಗೊಂದ್ಸಲ ಕೇಳ್ತಾನೇ ಇತ್ತು, ಪಾಪ.”

2. ಸಂಕೇತ ಹಿಡಿಯಬೇಕಾದರೆ ಗಡಿಯಾರವನ್ನು ಟಿ.ವಿ., ಫ್ರಿಜ್‌ಗಳಿಂದ ದೂರವಾಗಿ, ಪಶ್ಚಿಮದ ಕಿಟಕಿಯಲ್ಲಿ ರಾತ್ರಿಯಿಡೀ ಇಡತಕ್ಕದ್ದು. ಈ ಕಟ್ಟಡವನ್ನು ಕಟ್ಟಿದವರು ಮೀನುಗಾರರಾದ ಕಾರಣ ಎಲ್ಲ ಕೊಠಡಿಗಳೂ ಪೂರ್ವಕ್ಕೆ, ಸಮುದ್ರಕ್ಕೆ ಮುಖ ಮಾಡಿವೆ. ಒಳನಾಡಿನ ಕಡೆ ನೋಡಿ ಆಗಬೇಕಾದ್ದೇನು ಎಂಬುದು ಅವರ ಅಭಿಪ್ರಾಯವಾಗಿತ್ತು. ಪಶ್ಚಿಮಕ್ಕಿರುವುದು ಬಟ್ಟೆ ಒಗೆಯುವ ಕೋಣೆಯ ಕಿಟಕಿ ಒಂದೇ. ಆದಕಾರಣ ಪ್ರತಿ ಭಾನುವಾರ ಸಂಜೆ ನಾಲ್ಕೂ ಗಡಿಯಾರಗಳನ್ನು ನಿವಾಸದ ಸಹಾಯಕಿ ಮರೀನಾ ಅವರು ಅಲ್ಲಿಗೆ ಕೊಂಡೊಯ್ಯತಕ್ಕದ್ದು. ಸೋಮವಾರ ಬೆಳಿಗ್ಗೆ ನಾಲ್ಕೂ ಅಲ್ಲೇ ಕೂಗುವುದರಿಂದ, ಸೋಮವಾರ ಏಳಬೇಕೆನ್ನುವವರು ಒಗೆಯುವ ಯಂತ್ರದ ಪಕ್ಕದಲ್ಲಿ ಮಡಿಸುವ ಮಂಚ ಹಾಕಿಕೊಳ್ಳಲು ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಯಂತ್ರಕ್ಕೆ ಒರಗಿ ಮಲಗಿದರೆ ಸೊಂಟನೋವು ಹೋಗುತ್ತದೆ ಎಂಬ ವದಂತಿಗೆ ಈ ಕಚೇರಿ ಜವಾಬ್ದಾರಿಯಲ್ಲ.

3. ಗಡಿಯಾರದ ಬೆನ್ನಿಗೆ ಯಾವ ಪ್ರದೇಶದ ಹೊತ್ತು ಬೇಕೆಂದು ಆರಿಸುವ ಗುಂಡಿಯಿದ್ದು, ನಾಲ್ಕು ಸ್ಥಾನಗಳಿವೆ. ನಾಲ್ಕರಲ್ಲಿ ಯಾವುದೂ ನಮ್ಮದಲ್ಲ. ಒಳನಾಡಿನ ಹೊತ್ತು ಸಮುದ್ರದ ದಂಡೆಗೆ ಬಂದು ನಿಂತುಬಿಡುತ್ತದೆ. ದ್ವೀಪದವರು ಹೊತ್ತಿಲ್ಲದೆ ಬದುಕುತ್ತಾರೆಂದು ತಯಾರಕರು ತಿಳಿದಂತಿದೆ. ನಮ್ಮದು ಅವರ ಪೂರ್ವದ ಹೊತ್ತಿಗಿಂತ ಒಂದೂವರೆ ಗಂಟೆ ಮುಂದು. ಆ ಅರ್ಧ ಗಂಟೆ ಯಾಕೆ ಎಂದು ಕೇಳುವವರಿಗೆ, ಅದು ನಮ್ಮ ಸ್ವತ್ತು, ಯಾರ ಹತ್ತಿರವೂ ಸಾಲ ತಂದದ್ದಲ್ಲ ಎಂದು ಉತ್ತರಿಸತಕ್ಕದ್ದು. ಗುಂಡಿಯನ್ನು ಸದ್ಯಕ್ಕೆ ‘ಪೂರ್ವ’ಕ್ಕೆ ಇಟ್ಟು, ಬೆನ್ನನ್ನು ಗೋಡೆಗೆ ತಿರುಗಿಸಿಡತಕ್ಕದ್ದು.

4. ಗಡಿಯಾರವನ್ನು ಕೈಯಿಂದ ತಿದ್ದಿ ನಮ್ಮ ಹೊತ್ತಿಗೆ ತರುವ ಪ್ರಯತ್ನಗಳನ್ನು ಈ ಮೂಲಕ ನಿಷೇಧಿಸಲಾಗಿದೆ. ನಾಯಿ ಬಾಲಕ್ಕೆ ನಳಿಗೆ ಕಟ್ಟಿದ ಹಾಗೆ, ಎಷ್ಟು ತಿದ್ದಿದರೂ ಅದು ಆಕಾಶ ತಿಳಿಯಾಗಿರುವ ರಾತ್ರಿ ಕೊಠಡಿಯಲ್ಲೇ ಕದ್ದು ಸಂಕೇತ ಕೇಳಿಸಿಕೊಂಡು ಮತ್ತೆ ಒಳನಾಡಿನ ಹೊತ್ತಿಗೇ ಹೋಗಿ ನಿಲ್ಲುತ್ತದೆ. ಯಾವ ರಾತ್ರಿ ಎಂದು ಹೇಳಿ ಮಾಡುವುದಿಲ್ಲ. ಸಂಕೇತ ತಡೆಯಲೆಂದು ಶ್ರೀ ಟಿಜರ್ಡ್ ತಮ್ಮ ಗಡಿಯಾರಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ ಊಟದ ಮೇಜಿನ ಮೇಲೆ ಮರೆತಿದ್ದು, ಅಡುಗೆಯವರು ಅದನ್ನು ಸುಟ್ಟ ಆಲೂಗಡ್ಡೆಯೆಂದು ಬೆಣ್ಣೆ ಹಾಕಿ ಬಡಿಸಿದ್ದಾರೆ. ಚಾಕು ತಾಗಿದೊಡನೆ ಆಲೂಗಡ್ಡೆ ಹೊತ್ತು ಹೇಳಿತು. ಪುನರಾವರ್ತನೆಯಾಗತಕ್ಕದ್ದಲ್ಲ.

5. ಈ ಕಂಡಿಕೆ ಅತ್ಯಂತ ಮುಖ್ಯ. ಗಡಿಯಾರ ಹೇಳಿದ ಹೊತ್ತನ್ನು ಕೇಳಿಸಿಕೊಳ್ಳುವಾಗ ಅದಕ್ಕೆ ಒಂದೂವರೆ ಗಂಟೆ ಕೂಡತಕ್ಕದ್ದು. ಅಲಾರಂ ಇಡುವಾಗ ಏಳಬೇಕಾದ ಹೊತ್ತಿನಿಂದ ಒಂದೂವರೆ ಗಂಟೆ ಕಳೆಯತಕ್ಕದ್ದು. ನಮ್ಮ ಐದು ಗಂಟೆಗೆ ಏಳಬೇಕಾದವರು ಅಲಾರಂ ಅನ್ನು ಅದರ ಮೂರೂವರೆಗೆ ಇಡಬೇಕು. “ಕೇಳುವಾಗ ಕೂಡು, ಇಡುವಾಗ ಕಳೆ” ಎಂದು ಎಲ್ಲರೂ ಉಪಾಹಾರಕ್ಕೆ ಮುನ್ನ ಒಂದು ಬಾರಿ ಒಟ್ಟಾಗಿ ಹೇಳತಕ್ಕದ್ದು. ಕಿವಿ ಕೇಳಿಸದವರು ತುಟಿ ಆಡಿಸಿದರೆ ಸಾಕು.

6. ಕೂಡಿದ ನಂತರ ಬಂದ ಹೊತ್ತಿಗೆ ಮತ್ತೆ ಕೂಡತಕ್ಕದ್ದಲ್ಲ. ಹಾಗೆ ಕೂಡುತ್ತಾ ಹೋದವರು ಸೋಮವಾರ ಮಧ್ಯಾಹ್ನವೇ ಮಂಗಳವಾರದ ಸ್ನಾನಕ್ಕೆ ಬಂದು ನಿಂತಿರುತ್ತಾರೆ.

7. ಮಧ್ಯಾಹ್ನದ ಊಟ ಒಂದೇ. ದ್ವೀಪದ ಹನ್ನೆರಡಕ್ಕೆ ಒಮ್ಮೆ ಉಂಡು, ಗಡಿಯಾರದ ಹನ್ನೆರಡಕ್ಕೆ ಮತ್ತೊಮ್ಮೆ ತಟ್ಟೆ ಹಿಡಿದು ಬರುವುದು ಶ್ರೀ ಟಿಜರ್ಡ್ ಅವರ ಅಭ್ಯಾಸವಾಗಿದೆ. “ದಾನ ಕೊಟ್ಟೋರ ಮನಸ್ಸು ನೋಯಿಸಬಾರದು ಮರೀನಾ, ಅವರ ಗಡಿಯಾರಕ್ಕೂ ಮರ್ಯಾದೆ ಕೊಡ್ಬೇಕು” ಎಂಬ ಅವರ ಸಮಜಾಯಿಷಿಯನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ. ಉಪ್ಪುಮಾಂಸ, ಎಲೆಕೋಸು ಬೇಯಿಸುವ ಭಾನುವಾರಗಳಲ್ಲಿ ಮಾತ್ರ ಸಡಿಲಿಕೆ ನೀಡಲಾಗಿದೆ; ಅಂದು ಸಹಿದಾರ ಅಧಿಕಾರಿಗೂ ಗಡಿಯಾರದ ಮೇಲೆ ಗೌರವ ಉಂಟಾಗುತ್ತದೆ.

8. ಅಲಾರಂಗೆ ಮೂರು ಬಗೆಯ ದನಿಗಳಿದ್ದು, ಅವುಗಳಲ್ಲಿ ಹುಂಜದ ಕೂಗನ್ನು ಇಡೀ ನಿವಾಸಕ್ಕೆ ಒಂದೇ ಎಂದು ನಿಗದಿಪಡಿಸಲಾಗಿದೆ. ಈ ಆದೇಶ ಓದಿ ಹೇಳಿದಾಗ ಶ್ರೀ ಟಿಜರ್ಡ್, “ತನ್ನ ಕೋಳಿ ಕೂಗ್ದಿದ್ರೆ ಊರಿಗೆ ಬೆಳಗಾಗಲ್ಲ ಅಂತ ಅಜ್ಜಿ ಅಂದ್ಕೊಂಡಿದ್ಲಂತೆ. ನಮ್ಮ ಸೆಲ್ವಿನ್‌ಗೆ ಸುತ್ತೋಲೆ ಹೊರಡಿಸ್ದಿದ್ರೆ ಬೆಳಗಾಗಲ್ಲ” ಎಂದಿರುವುದು ಸದರಿ ಸೆಲ್ವಿನ್ ಆದ ಸಹಿದಾರ ಅಧಿಕಾರಿಯ ಕಿವಿಗೆ ಬಿದ್ದಿದೆ. ಬಿದ್ದರೂ ಕ್ರಮ ಕೈಗೊಂಡಿಲ್ಲ.

9. ಗಡಿಯಾರವನ್ನು ಬೈಯುವಂತಿಲ್ಲ. ಕೊಠಡಿ 4ರಿಂದ ಪ್ರತಿದಿನ ಬೆಳಿಗ್ಗೆ “ಸುಳ್ಳುಬುರುಕಿ”, “ಒಳನಾಡಿನ ಬಿನ್ನಾಣಗಿತ್ತಿ”, “ನಿನ್ನ ಬಾಯಿಗೆ ಹಳೇ ಮೀನು ಹಾಕ” ಮುಂತಾದ ಪದಗಳು ಕೇಳಿಬರುತ್ತಿವೆ. ಆದರೆ ಇದಕ್ಕೆ ಬಲವಾದ ಕಾರಣವಿರುವುದರಿಂದ ಹಿನ್ನೆಲೆಯನ್ನು ಇಲ್ಲಿ ದಾಖಲಿಸುವುದು ಅಗತ್ಯವೆಂದು ಪರಿಗಣಿಸಲಾಗಿದೆ.

ಬೇಸಿಗೆಯಲ್ಲಿ ಮನೆಬಳಕೆಗೆಂದು ಕಾಡ್ ಮೀನು ಹಿಡಿಯಲು ಊರಿಗೆಲ್ಲ ಅನುಮತಿ ಸಿಗುವ ಮೊದಲ ಶನಿವಾರ ಯಾವುದೆಂದು ಗ್ಯಾನೆಟ್ ಕೋವ್‌ನಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಅಂದು ತಲೆಗೆ ಐದು ಮೀನು. ಶ್ರೀಮತಿ ಹೈನ್ಸ್ ಅವರು ಮದುವೆಯಾಗಿ ಬಂದಂದಿನಿಂದ ಅಂಥ ದಿನ ದೋಣಿ ತಪ್ಪಿಸಿದವರಲ್ಲ. ಕಣ್ಣು ಹೋದ ಮೇಲೆ ಮನೆಯಲ್ಲಿರಿ ಎಂದ ಈ ಅಧಿಕಾರಿಗೆ ಅವರು ಹೇಳಿದ್ದು: “ಗಾಳ ಹಾಕೋಕೆ ಕಣ್ಣು ಯಾಕಪ್ಪಾ? ನೀರೊಳಗೆ ಮೀನು ನಿಂಗೇನಾದ್ರೂ ಕಾಣುತ್ತಾ? ದಾರ ಹಿಡ್ದು ಕೂತ್ಕೋ, ಬೆರಳಿಗೆ ತಾನೇ ಗೊತ್ತಾಗುತ್ತೆ.” ಸದರಿ ಸಲಹೆಯನ್ನು ಹಿಂಪಡೆಯಲಾಗಿದೆ.

ಊರಿನಲ್ಲಿ ಅವರನ್ನು ಕರೆದೊಯ್ಯುವ ದೋಣಿ ಒಂದೇ. ಅದನ್ನು ಕಟ್ಟಿದವರು ಅವರ ದಿವಂಗತ ಪತಿ ರೂಬೆನ್. ಈಗ ನಡೆಸುವವರು ಮೈದುನ ಶ್ರೀ ಹೆಜೆಕಾಯಾ ಹೈನ್ಸ್. ಆ ದೋಣಿ ಆರು ಗಂಟೆಗೆ ಹೊರಡುತ್ತದೆ. ಶ್ರೀ ಹೆಜೆಕಾಯಾ ಅವರ ತಂದೆ ಪಾದ್ರಿಗೂ ಕಾದವರಲ್ಲ, ತಾಯಿಗೂ ಕಾದವರಲ್ಲ. ಕಾಯದಿರುವುದು ಆ ಮನೆತನದ ಆಸ್ತಿ.

ಕಳೆದ ಬೇಸಿಗೆಯಲ್ಲಿ ಶ್ರೀಮತಿ ಹೈನ್ಸ್ ಐದಕ್ಕೆ ಏಳಬೇಕೆಂದು ಗಡಿಯಾರ ಇಟ್ಟರು. ಕಳೆಯುವ ಬದಲು ಕೂಡಿದರು. ಆರೂವರೆಗೆ ಇಟ್ಟ ಅಲಾರಂ ನಮ್ಮ ಎಂಟಕ್ಕೆ ಕೂಗಿತು. ಅವರು ರಬ್ಬರ್ ಬೂಟು ಹಾಕಿಕೊಂಡು, ಟೊಪ್ಪಿಗೆಯ ದಾರ ಬಿಗಿದು, ಮರೀನಾ ಕೈ ಹಿಡಿದು ದಕ್ಕೆಗೆ ಹೋದಾಗ ಅಲ್ಲಿ ನೀರಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ವಾಪಸು ಬರಲು ಒಪ್ಪದೆ ಮೀನಿನ ಬಕೆಟ್ ಕವುಚಿ ಹಾಕಿ ಅದರ ಮೇಲೆ ಕೂತರು. ದೋಣಿ ತಿರುಗಿ ಬಂದಾಗ ನಡೆದ ಮಾತುಕತೆಯನ್ನು ಮರೀನಾ ವರದಿ ಮಾಡಿದ್ದಾರೆ:

“ಅತ್ತಿಗೇ, ದೋಣಿ ಯಾರಿಗೂ ಕಾಯಲ್ಲ ಅಂತ ನಿಮಗೆ ಗೊತ್ತಿಲ್ವಾ? ತಗೊಳ್ಳಿ, ರುಚಿಯಾದ ಭಾಗ ಅಂತ ಮೀನಿನ ನಾಲಿಗೆಗಳೆಲ್ಲ ನಿಮಗೇ ಎತ್ತಿಟ್ಟಿದೀನಿ.”

“ನೀನೇ ತಿನ್ನು ಹೆಜ್. ನಿನ್ನ ನಾಲಿಗೆಗಾದ್ರೂ ಸ್ವಲ್ಪ ರುಚಿ ಬರಲಿ.”

ಅವರು ಅಂದು ಊಟ ಮಾಡಲಿಲ್ಲ. ಇಸ್ಪೀಟಿಗೂ ಬರಲಿಲ್ಲ. ಈ ಕಚೇರಿಗೆ ಅಂದು ಬಹಳ ಸಂಕಟವಾಯಿತೆಂದು, ಅಂಥದ್ದನ್ನು ಬರೆಯಲು ಬೇರೆ ಕಂಡಿಕೆ ಇಲ್ಲದ ಕಾರಣ, ಇಲ್ಲಿಯೇ ದಾಖಲಿಸಲಾಗಿದೆ.

10. ಈ ಬಾರಿ ಹಾಗಾಗಬಾರದೆಂದು ಮೊನ್ನೆ ಮಂಗಳವಾರ ಪ್ರಾಯೋಗಿಕ ಎಚ್ಚರ ನಡೆಸಲಾಯಿತು. ಸಹಿದಾರ ಅಧಿಕಾರಿ ಐದರಿಂದ ಒಂದೂವರೆ ಕಳೆದು “ಮೂರೂವರೆಗೆ ಇಡಿ” ಎಂದು ಮರೀನಾ ಅವರಿಗೆ ಆದೇಶಿಸಿದರು. ಮರೀನಾ ಅವರು ಸುತ್ತೋಲೆಗಳನ್ನು, ಇದರ ಕರಡನ್ನೂ ಸೇರಿ, ಶ್ರದ್ಧೆಯಿಂದ ಪಾಲಿಸುವವರಾದ್ದರಿಂದ ಮೂರೂವರೆಯಿಂದ ಮತ್ತೊಂದೂವರೆ ಕಳೆದರು. ಫಲವಾಗಿ ಶ್ರೀಮತಿ ಹೈನ್ಸ್ ಕಡಲಹಕ್ಕಿಗಳಿಗಿಂತ ಮುಂಚೆ ಎದ್ದು ಬೂಟು ಸಮೇತ ಅಡುಗೆಮನೆಯಲ್ಲಿ ಕೂತಿದ್ದರು. ಅವರ ಪ್ರತಿಕ್ರಿಯೆ: “ಹೋದ್ವರ್ಷ ನಾನೊಬ್ಳೇ ತಪ್ಪಿದ್ದೆ. ಈ ವರ್ಷ ಇಡೀ ಆಫೀಸು ಸೇರ್ಕೊಂಡು ತಪ್ತಿದೀರ. ಆ ಗಡಿಯಾರನೂ ಬೇಡ, ನಿಮ್ಮ ಕೂಡೋದು ಕಳೆಯೋದೂ ಬೇಡ.”

ರಾತ್ರಿ ಪಾಳಿಯವರು ಎಬ್ಬಿಸಬಹುದಲ್ಲ ಎಂಬ ಸಲಹೆ ಬಂದಿದೆ. ನಿದ್ದೆ ಚೆನ್ನಾಗಿ ಬಂತೇ ಎಂದು ಕೇಳಲು ಶ್ರೀ ಟಿಜರ್ಡ್ ಅವರನ್ನು ಎಬ್ಬಿಸಿದ ಪ್ರಕರಣದ ನಂತರ, ಮಲಗಿದವರನ್ನು ಎಬ್ಬಿಸುವುದನ್ನು ಸುತ್ತೋಲೆ 11ರಲ್ಲಿ ನಿಷೇಧಿಸಲಾಗಿದೆ. ಸದರಿ ಸುತ್ತೋಲೆಯನ್ನು ಹಿಂಪಡೆಯಲು ಅದರ ಮೂಲಪ್ರತಿ ಬೇಕು. ಅದು ಆಲೂಗಡ್ಡೆ ಸಿಪ್ಪೆಯ ಜೊತೆ ಹೋಗಿದೆ. ಅದಲ್ಲದೆ ಶ್ರೀಮತಿ ಹೈನ್ಸ್ ಅವರೇ, “ಯಾರೋ ಅಲ್ಲಾಡಿಸಿ ಎಬ್ಬಿಸಿದ್ರೆ ಅದು ಮೀನಿಗೆ ಹೊರಟ ಹಾಗಲ್ಲ, ಆಸ್ಪತ್ರೆಗೆ ಹೊರಟ ಹಾಗೆ” ಎಂದು ಆಕ್ಷೇಪಿಸಿದ್ದಾರೆ.

11. ಕಡೆಯ ಉಪಾಯವಾಗಿ, ಶನಿವಾರ ಸ್ವಲ್ಪ ಹೊತ್ತು ಕಾಯುವಂತೆ ಶ್ರೀ ಹೆಜೆಕಾಯಾ ಅವರನ್ನು ಈ ಕಚೇರಿ ವಿನಂತಿಸಿತು. ನೇರವಾಗಿ ಅವರ ದೋಣಿಮನೆಗೇ ಹೋಗಿ ಕೇಳಲಾಯಿತು. ಅವರ ಉತ್ತರ: “ಆರು ಅಂದ್ರೆ ಆರು ಸೆಲ್ವಿನ್. ಅತ್ತಿಗೆ ಬಂದ್ರೆ ನನ್ನ ತಲೆ ಮೇಲೆ ಕೂರಿಸ್ಕೊಂಡು ಹೋಗ್ತೀನಿ. ಬರ್ಲಿಲ್ಲಾಂದ್ರೆ ಹೋಗ್ತಾ ಇರ್ತೀನಿ. ಇವತ್ತು ಅತ್ತಿಗೆಗೆ ಕಾದ್ರೆ ನಾಳೆ ನಿಂಗೂ ಕಾಯ್ಬೇಕು, ಆಮೇಲೆ ಮೀನು ನಮಗೆ ಕಾಯುತ್ತಾ?” ಹಟಮಾರಿಯೇ ಹೊರತು ಕೆಟ್ಟವರಲ್ಲ ಎಂಬುದು ಈ ಕಚೇರಿಯ ಷರಾ.

12. ಇದೇ ಸಂದರ್ಭದಲ್ಲಿ ಶ್ರೀ ಹೆಜೆಕಾಯಾ ಅವರು ತಮ್ಮ ದೋಣಿಯ ತಳದ ಬಿರಡೆ ಕಾಣೆಯಾಗಿದೆ ಎಂದು ದೂರಿರುತ್ತಾರೆ. ದಡದಲ್ಲಿರುವಾಗ ಮಳೆನೀರು ಹರಿದುಹೋಗಲೆಂದು ಬಿಚ್ಚಿ, ದೋಣಿಮನೆಯ ಮೊಳೆಗೆ ನೇತುಹಾಕುವ ಹಿತ್ತಾಳೆಯ ತಿರುಪಿನ ಬಿರಡೆ ಅದು. ಅದಿಲ್ಲದೆ ದೋಣಿಯನ್ನು ನೀರಿಗೆ ಇಳಿಸಿದರೆ ನೀರು ದೋಣಿಗೆ ಇಳಿಯುತ್ತದೆ. ಭಾನುವಾರ ಮಧ್ಯಾಹ್ನ ಅತ್ತಿಗೆಯನ್ನು ಊಟಕ್ಕೆ ಕರೆದಿದ್ದಾಗಲೂ ಅದು ಅಲ್ಲೇ ಇತ್ತೆಂದೂ, ದೋಣಿ ಹಳೆಯದಾದ್ದರಿಂದ ಅದಕ್ಕೆ ಹೊಂದುವ ಬಿರಡೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲವೆಂದೂ ಹೇಳಿದ್ದಾರೆ. ಬಿರಡೆಗಳು ಸಮಯಪಾಲನೆ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲವೆಂದು ಅವರಿಗೆ ತಿಳಿಸಲಾಗಿದೆ.

13. ಇಂದು ಬೆಳಗಿನ ಟೀ ಸಮಯದಲ್ಲಿ ಶ್ರೀಮತಿ ಹೈನ್ಸ್ ಅವರು ಬಹಳ ದಿನಗಳ ನಂತರ ಗಡಿಯಾರವನ್ನು ಬೈಯದೆ, ಬ್ರೆಡ್ಡಿಗೆ ಕಾಕಂಬಿ ಸುರಿದುಕೊಂಡು ತಿನ್ನುತ್ತಾ, ಹಳೆಯ ಹಾಡೊಂದನ್ನು ಗುನುಗುತ್ತಾ ಕುಳಿತಿರುವುದು ಕಂಡುಬಂತು. ಅವರ ಎಡಗೈ ಏಪ್ರನ್ನಿನ ಜೇಬಿನಲ್ಲಿ ಏನನ್ನೋ ತಿರುಗಿಸುತ್ತಿತ್ತು. ಜೇಬಿನ ಬಾಯಲ್ಲಿ ಹಿತ್ತಾಳೆ ಹೊಳೆಯಿತು. ಸಹಿದಾರ ಅಧಿಕಾರಿ ನಿಂತಲ್ಲೇ ನಿಂತರು. ನಂತರದ ಸಂಭಾಷಣೆ ಹೀಗಿದೆ:

“ಏನು ಸೆಲ್ವಿನ್, ನಿನ್ನ ಉಸಿರು ನಿಂತೋಯ್ತಲ್ಲ? ಕೂತ್ಕೋ. ಬ್ರೆಡ್ ತಿನ್ನು.”

“ಡ್ರೂಸಿ ಅತ್ತೆ... ಅದು ನಿಮಗೆ ಹೇಗೆ ಸಿಕ್ತು?”

“ಆ ಮೊಳೆ ಹೊಡೆದೋನು ನನ್ನ ಗಂಡ ಕಣೋ. ಮೊದಲು ನನ್ನ ಭುಜ ಅಳೆದು ಆಮೇಲೆ ಹೊಡ್ದಿದ್ದ, ನಂಗೆ ಕೈಗೆಟುಕಲಿ ಅಂತ. ಅದನ್ನ ಹುಡುಕೋಕೂ ಕಣ್ಣು ಬೇಕಾ? ದೋಣಿ ಯಾರಿಗೂ ಕಾಯಲ್ಲವಂತೆ. ಸರಿ, ಕಾಯದೇ ಹೋಗ್ಲಿ ನೋಡೋಣ.”

ಕಳವು ಮಾಲನ್ನು ಹಿಂದಿರುಗಿಸುವಂತೆ ಸೂಚಿಸುವುದು ಅಧಿಕಾರಿಯ ಕರ್ತವ್ಯವಾಗಿತ್ತು. ಅಧಿಕಾರಿ ಕುಳಿತು ಬ್ರೆಡ್ ತಿಂದರು. ಈ ಕಚೇರಿ ಏನನ್ನೂ ಗಮನಿಸಿಲ್ಲ ಎಂಬುದನ್ನು ಎಲ್ಲರೂ ಗಮನಿಸತಕ್ಕದ್ದು.

14. ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಆದೇಶಿಸಿರುವುದೇನೆಂದರೆ: ಬರುವ ಶನಿವಾರ ಕೊಠಡಿ 4ರಲ್ಲಿ ಅಲಾರಂ ಇಡತಕ್ಕದ್ದಲ್ಲ. ಕೂಡತಕ್ಕದ್ದಲ್ಲ, ಕಳೆಯತಕ್ಕದ್ದಲ್ಲ. ಶ್ರೀಮತಿ ಹೈನ್ಸ್ ಅವರು ತಮಗೆ ಎಚ್ಚರವಾದಾಗ ಏಳುವರು, ಟೀ ಕುಡಿಯುವರು, ಬೇಕಿದ್ದರೆ ಎರಡನೆಯ ಲೋಟವನ್ನೂ ಕುಡಿಯುವರು. ಅಂದಿನ ಮಟ್ಟಿಗೆ ಗ್ಯಾನೆಟ್ ಕೋವ್‌ನಲ್ಲಿ ಬೆಳಗಿನ ಆರು ಗಂಟೆ ಎಂದರೆ ಶ್ರೀಮತಿ ಡ್ರುಸಿಲ್ಲಾ ಹೈನ್ಸ್ ಅವರು ಬೂಟು ಹಾಕಿಕೊಂಡು ದಕ್ಕೆಯ ಮೇಲೆ ಬಂದು ನಿಂತ ಗಳಿಗೆ ಎಂದು ವ್ಯಾಖ್ಯಾನಿಸತಕ್ಕದ್ದು. ಗೋಪುರದವರು ಬೇಕಾದರೆ ತಿದ್ದಿಕೊಳ್ಳಲಿ.

(ಸಹಿ)
ಸೆಲ್ವಿನ್ ಗಿಲ್ಲಿಂಗಮ್
ಅಧಿಕಾರಿ, ಸಮಯಪಾಲನೆ, ಊಟೋಪಚಾರ ಮತ್ತು ಇತರೆ
ಸಹಿ ಮಾಡಿದ ಹೊತ್ತು: ಗಡಿಯಾರದ ಪ್ರಕಾರ ಒಂಬತ್ತೂವರೆ, ನಿಜವಾಗಿ ಹನ್ನೊಂದು.

ಪ್ರತಿಗಳು:
1. ಶ್ರೀಮತಿ ಡ್ರುಸಿಲ್ಲಾ ಹೈನ್ಸ್, ಕೊಠಡಿ 4: ಮರೀನಾ ಅವರು ನಗು ತಡೆದುಕೊಂಡು ಓದಿ ಹೇಳುವುದು.
2. ಶ್ರೀ ಆಂಬ್ರೋಸ್ ಟಿಜರ್ಡ್, ಕೊಠಡಿ 6: ಒಂದೇ ಪ್ರತಿ. ಒಂದೂವರೆ ಗಂಟೆ ಬಿಟ್ಟು ಬಂದು ಮತ್ತೊಂದು ಕೇಳಿದರೆ ಕೊಡುವಂತಿಲ್ಲ.
3. ಅಡುಗೆಮನೆ: ಶನಿವಾರ ಸಂಜೆಗೆ ಮೀನಿನ ಮೇಲೆ ಉದುರಿಸಲು ಹಂದಿಕೊಬ್ಬಿನ ಚೂರು ಗರಿಗರಿಯಾಗಿ ಹುರಿದಿಡಲು. ಮೀನಿನ ನಾಲಿಗೆಗಳು ಕೊಠಡಿ 4ಕ್ಕೆ.
4. ಬೆಟ್ಟದ ತಪ್ಪಲಿನ ಗೋಪುರ: ಮಾಹಿತಿಗಾಗಿ.
5. ಕಾಡ್ ಮೀನುಗಳು, ಕೊಲ್ಲಿಯ ಬಾಯಿ: ಮಾಹಿತಿಗಾಗಿ ಮತ್ತು ಸೂಕ್ತ ಕ್ರಮಕ್ಕಾಗಿ.
6. ಶ್ರೀ ಹೆಜೆಕಾಯಾ ಹೈನ್ಸ್, ದೋಣಿಮನೆ: ಕಂಡಿಕೆ 13, 14 ಹಾಗೂ ಈ ಸಾಲನ್ನು ಕತ್ತರಿಯಿಂದ ತೆಗೆದು.
7. ಕಚೇರಿ ಕಡತ: ಕತ್ತರಿಸಿದ ಚೂರುಗಳ ಸಮೇತ.